ಸುತ್ತಿದ ದೇಶ, ಓದದ ಕೋಶ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಗಾದೆಯ ಮೊದಲರ್ಧವನ್ನು ನಮ್ಮ ಮಧ್ಯಮವರ್ಗದವರು ಈಚೆಗೆ ಬಹಳ ಉತ್ಸಾಹದಿಂದ ಪಾಲಿಸುತ್ತಿದ್ದಾರೆ. ಎರಡನೆಯ ಅರ್ಧದ ಗತಿ ಏನಾಗಿದೆಯೆಂಬುದನ್ನು ಪುಸ್ತಕದಂಗಡಿಯವರನ್ನು ಕೇಳಿದರೆ ತಿಳಿದೀತು. ಆ ಹಳೆಯ ಗೋಳನ್ನು ಇಲ್ಲಿ ತೋಡಿಕೊಳ್ಳುವ ಉದ್ದೇಶ ನನಗಿಲ್ಲ. ಸುತ್ತುವುದಕ್ಕೂ ಓದುವುದಕ್ಕೂ ಗಾದೆ ಹಾಕಿದ ಗಂಟೊಂದಿದೆಯಲ್ಲ, ಅದನ್ನು ನಾವು ಬಿಚ್ಚಿ ಎಸೆದಿದ್ದೇವೆ ಎಂಬುದು ನನ್ನ ತಕರಾರು.

ಹೋದ ವಾರ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಒಂದು ಪಟ್ಟಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಬರುವ ರಜೆಯಲ್ಲಿ ಥೈಲೆಂಡಿನ ಫುಕೆಟ್ ದ್ವೀಪಕ್ಕೆ ಹೋಗುವವರ ಹೆಸರುಗಳು ಒಂದು ಕಡೆ, ದಿನವಹಿ ಕಾರ್ಯಕ್ರಮ ಇನ್ನೊಂದು ಕಡೆ. ಮೂರನೆಯ ದಿನದ ಎದುರು, ‘ದೋಣಿಯಲ್ಲಿ ಆರು ದ್ವೀಪಗಳು, ಊಟವೂ ಸೇರಿ’ ಎಂದು ಬರೆದಿತ್ತು. ಗಣಿತದ ಅಧ್ಯಾಪಕ ಮಿತ್ರರು ಪಟ್ಟಿಯನ್ನು ನನ್ನ ಮುಂದೆ ಹಿಡಿದು, “ನೀವು ಅಲ್ಲಿಗೆ ಹೋಗಿ ಬಂದವರಲ್ಲವೆ ಮೇಷ್ಟ್ರೆ? ಒಂದೇ ದಿನದಲ್ಲಿ ಆರನ್ನೂ ಮುಗಿಸಬಹುದೋ?” ಎಂದು ಕೇಳಿದರು.

ಮುಗಿಸುವುದು! ಊಟ ಮುಗಿಸುತ್ತೇವೆ; ಸಾಲ ಮುಗಿಸುತ್ತೇವೆ; ಪರೀಕ್ಷೆಗೆ ಮುಂಚೆ ಹೇಗೋ ಪಠ್ಯ ಮುಗಿಸುತ್ತೇವೆ. ದ್ವೀಪವನ್ನು ಮುಗಿಸುವುದು ಹೇಗೆ? ಭಾಷೆಯ ಮೇಷ್ಟರಿಗೆ ಮಾತಿನಲ್ಲಿ ಕಲ್ಲು ಹುಡುಕುವ ಚಾಳಿಯಿದೆಯೆಂದು ಓದುಗರು ನಗಬಹುದು. ನಗಲಿ. ಆ ಕ್ರಿಯಾಪದದಲ್ಲಿ ನಮ್ಮ ಕಾಲದ ಪ್ರವಾಸದ ನಿಜವಾದ ವ್ಯಾಕರಣವೇ ಇದೆಯೆಂದು ನಾನು ತಿಳಿದಿದ್ದೇನೆ. ಮಿತ್ರರಿಗೆ ಅಂದು ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ಥಳದ ಮಾತು. ಫುಕೆಟಿಗೂ ಥೈಲೆಂಡಿನ ಮುಖ್ಯ ಭೂಭಾಗಕ್ಕೂ ನಡುವೆ ಫಾಂಗ್ ಙಾ ಎಂಬ ಆಳವಿಲ್ಲದ ಹಸಿರು ಕೊಲ್ಲಿಯಿದೆ. ಅದರ ಸುಮಾರು ೪೦೦ ಚದರ ಕಿಲೋಮೀಟರು ೧೯೮೧ರಿಂದ ರಾಷ್ಟ್ರೀಯ ಉದ್ಯಾನವಾಗಿದೆ. ನೀರೊಳಗಿನಿಂದ ಸುಣ್ಣಕಲ್ಲಿನ ದ್ವೀಪಗಳು ಗೋಡೆಯಂತೆ ನೆಟ್ಟಗೆ ಎದ್ದು ನಿಂತಿವೆ. ಉತ್ತರ ಕನ್ನಡದ ಯಾಣವೂ ಸುಣ್ಣಕಲ್ಲೇ. ಅದನ್ನು ಕಂಡವರು, ಅಂಥ ಬಂಡೆಗಳನ್ನು ಅಲ್ಲೊಂದು ಇಲ್ಲೊಂದು ಸಮುದ್ರದಲ್ಲಿ ಇಳಿಸಿ, ನೆತ್ತಿಯ ಮೇಲೆ ಕಾಡು ಬೆಳೆಸಿದಂತೆ ಕಲ್ಪಿಸಿಕೊಳ್ಳಬಹುದು. ಇಪ್ಪತ್ತೈದು ಕೋಟಿ ವರ್ಷಗಳಿಗೂ ಹಿಂದಿನ ಕಡಲಿನ ಜೀವಿಗಳ ಚಿಪ್ಪುಗಳು ಒಂದರ ಮೇಲೊಂದು ಕೂತು ಗಟ್ಟಿಯಾಗಿ ಆದ ಕಲ್ಲು ಅದು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿ ಕೊಂಚ ಹುಳಿಯಾಗುತ್ತದೆ. ಆ ಹುಳಿ ಕಲ್ಲನ್ನು ಸದ್ದಿಲ್ಲದೆ ಕರಗಿಸಿ ಒಳಗೆ ಗವಿಗಳನ್ನು ಕೊರೆಯುತ್ತದೆ. ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರದ ಮಟ್ಟ ಇಂದಿಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದ್ದಾಗ ಇವೆಲ್ಲ ಒಣನೆಲದ ಗುಡ್ಡಗಳಾಗಿದ್ದುವು. ಕಡಲು ಮೇಲೇರಿತು, ಗುಡ್ಡಗಳು ದ್ವೀಪಗಳಾದುವು. ನಮ್ಮ ಕಾರ್ಯಕ್ರಮದ ಪಟ್ಟಿ ಇಂಥದೊಂದಕ್ಕೆ ನಲವತ್ತು ನಿಮಿಷ ಕೊಟ್ಟಿದೆ.

ಕೆಲವು ದ್ವೀಪಗಳ ಒಳಗೆ ಗವಿಯ ಚಾವಣಿಯೇ ಕುಸಿದು ಬಿದ್ದು, ಸುತ್ತ ಕಲ್ಲಿನ ಗೋಡೆ, ಮೇಲೆ ಆಕಾಶ, ಕೆಳಗೆ ಸಮುದ್ರದ ನೀರು, ಹೀಗೊಂದು ಅಂಗಳ ಉಂಟಾಗಿದೆ. ಥಾಯಿ ಭಾಷೆಯಲ್ಲಿ ಅದಕ್ಕೆ ‘ಹೊಂಗ್’ ಎನ್ನುತ್ತಾರೆ. ಹೊಂಗ್ ಎಂದರೆ ಕೋಣೆ. ಹೊರಗಿನಿಂದ ನೋಡಿದವನಿಗೆ ಅದರ ಸುಳಿವೇ ಹತ್ತುವುದಿಲ್ಲ. ಒಳಹೋಗಲು ಬಂಡೆಯ ಬುಡದಲ್ಲಿ ಒಂದು ಬಿಲವಿರುತ್ತದೆ. ಉಬ್ಬರ ಪೂರ್ತಿ ಏರಿದಾಗ ಬಿಲ ನೀರಿನಲ್ಲಿ ಮುಳುಗುತ್ತದೆ. ಪೂರ್ತಿ ಇಳಿದಾಗ ಕೆಸರು ದೋಣಿಯನ್ನು ಹಿಡಿಯುತ್ತದೆ. ನಡುವಣ ಸ್ವಲ್ಪ ಹೊತ್ತು ಮಾತ್ರ ಸಣ್ಣ ದೋಣಿ ನುಸುಳಬಹುದು. ೧೯೮೦ರ ದಶಕದ ಕೊನೆಯಲ್ಲಿ ಜಾನ್ ಗ್ರೇ ಎಂಬ ಅಮೆರಿಕನ್ನರು ಗಾಳಿ ತುಂಬಿದ ರಬ್ಬರಿನ ಪಾತಿಗಳಲ್ಲಿ ಪ್ರವಾಸಿಗಳನ್ನು ಈ ಕೋಣೆಗಳಿಗೆ ಕರೆದೊಯ್ಯತೊಡಗಿದರು. ಅವರ ಹಿಂದೆಯೇ ಬೇರೆಯವರೂ ಬಂದರು. ಇಂದು ಬೆಳಗಾದರೆ ದೊಡ್ಡ ದೋಣಿಗಳ ಸಾಲೇ ಅಲ್ಲಿ ನಿಲ್ಲುತ್ತದೆ.

ನಾನು ಹೋದ ದಿನ ನಮ್ಮ ಪಾತಿಯ ಅಂಬಿಗ ಇಪ್ಪತ್ತೈದರ ತರುಣ. ಬಿಲದ ಬಾಯಿಯಲ್ಲಿ ಅಂಗಾತ ಮಲಗುವಂತೆ ಸನ್ನೆ ಮಾಡಿದ. ಮೂಗಿಗೆ ಒಂದು ಗೇಣು ಮೇಲೆ ಕಲ್ಲು, ಅದರಲ್ಲಿ ಅಂಟಿಕೊಂಡ ಚಿಪ್ಪುಗಳು, ಬಾವಲಿಗಳ ಘಾಟು, ಕತ್ತಲು. ಅನಂತರ ಇದ್ದಕ್ಕಿದ್ದಂತೆ ಬೆಳಕು. ಎದ್ದು ಕೂತು ನೋಡಿದರೆ ಗೋಡೆಗಳ ನಡುವೆ ಅಲುಗಾಡದ ನೀರು, ಕಾಂಡ್ಲಾ ಗಿಡಗಳ ಬೇರುಗಳು, ಎಲ್ಲಿಯೋ ಒಂದು ಹನಿ ತೊಟ್ಟಿಕ್ಕುವ ಸದ್ದು. ಅಂಬಿಗ ತುಟಿಯ ಮೇಲೆ ಬೆರಳಿಟ್ಟ. ತರಗತಿಯಲ್ಲಿ ಇಪ್ಪತ್ತು ವರ್ಷದಿಂದ ಹುಡುಗರಿಗೆ ಸದ್ದು ಸದ್ದು ಎಂದು ಗದರಿಸುತ್ತ ಬಂದ ನಾನು ಏನು ಮಾಡಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ಮಾರ್ದನಿ ಹೇಗೆ ಬರುವುದೋ ನೋಡೋಣವೆಂದು ಕೈಯನ್ನು ಬಾಯಿಗೆ ಕಟ್ಟಿ ‘ಕೂ’ ಎಂದು ಕೂಗಿದೆ. ಗೋಡೆಗಳು ನನ್ನ ಕೂಗನ್ನು ಮೂರು ಬಾರಿ ನನ್ನ ಮುಖಕ್ಕೇ ಎಸೆದುವು. ಗೋಡೆಯಿಂದ ಹಕ್ಕಿಯೊಂದು ಎದ್ದು ಹಾರಿಹೋಯಿತು. ಹಿಂದಿನ ಪಾತಿಯವರು ನನ್ನನ್ನು ಕಂಡು ತಾವೂ ಕೂಗಿದರು. ಅವರ ಹಿಂದಿನವರು ಸಿಳ್ಳೆ ಹಾಕಿದರು. ಅಂಬಿಗ ಏನೂ ಅನ್ನಲಿಲ್ಲ. ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಗದ್ದಲ ಅಡಗುವವರೆಗೆ ನೀರನ್ನೇ ನೋಡುತ್ತ ಕೂತ. ಆದುದರಿಂದ ಮುಂದೆ ನಾನು ಬರೆಯುವ ಕಟುಮಾತುಗಳಲ್ಲಿ ಮೊದಲ ಪಾಲು ನನ್ನದೇ ಎಂದು ಓದುಗರು ತಿಳಿಯಬೇಕು.

ಅಲ್ಲಿಂದ ನಮ್ಮನ್ನು ‘ಜೇಮ್ಸ್ ಬಾಂಡ್ ದ್ವೀಪ’ಕ್ಕೆ ಕರೆದೊಯ್ದರು. ಆ ಹೆಸರಿನ ದ್ವೀಪ ಅಲ್ಲಿಯ ಹಿರಿಯರಿಗೆ ಗೊತ್ತಿರಲಿಲ್ಲ. ದಡವಿರುವ ದ್ವೀಪದ ಹೆಸರು ಖಾವೊ ಫಿಂಗ್ ಕನ್, ಎಂದರೆ ಒಂದಕ್ಕೊಂದು ಒರಗಿದ ಗುಡ್ಡಗಳು. ನೋಡಿದರೆ ಹಾಗೆಯೇ ಇದೆ. ಅದರೆದುರಿಗೆ ನೀರಿನಲ್ಲಿ ನಿಂತ ಇಪ್ಪತ್ತು ಮೀಟರು ಎತ್ತರದ ಕಂಬದ ಹೆಸರು ಕೋ ತಪು. ಕೋ ಎಂದರೆ ದ್ವೀಪ, ತಪು ಎಂದರೆ ಮೊಳೆ. ಮೇಲೆ ಸುಮಾರು ಎಂಟು ಮೀಟರು ಅಗಲ, ಬುಡದಲ್ಲಿ ನಾಲ್ಕು. ಅಲೆ ಬುಡವನ್ನು ಕೊರೆದು ಕೊರೆದು ಅದು ಮೊಳೆಯ ಆಕಾರಕ್ಕೆ ಬಂದಿದೆ. ಅಂಥ ಒಂದು ಹೆಸರನ್ನು ಇಡಬೇಕಾದರೆ ಇಟ್ಟವನು ಆ ಬಂಡೆಯನ್ನು ಕಣ್ಣಿಟ್ಟು ನೋಡಿರಬೇಕು. ೧೯೭೪ರಲ್ಲಿ ಒಂದು ಇಂಗ್ಲಿಷ್ ಚಲನಚಿತ್ರದಲ್ಲಿ ಅದು ಖಳನಾಯಕನ ಬೀಡಾಗಿ ಕಾಣಿಸಿಕೊಂಡಿತು. ತಮಾಷೆಯೆಂದರೆ, ಆ ಕಥೆಯಲ್ಲಿ ದ್ವೀಪ ಇರುವುದು ಚೀನಾದ ಕಡಲಿನಲ್ಲಿ! ತನ್ನ ದೇಶವನ್ನೇ ಮರೆಮಾಚಿದ ಚಿತ್ರದ ಹೆಸರನ್ನು ಹೊತ್ತುಕೊಂಡು ಆ ಬಡಪಾಯಿ ಮೊಳೆ ಐವತ್ತು ವರ್ಷಗಳಿಂದ ನಿಂತಿದೆ. ಬಂದವರು ಸಾಲಾಗಿ ನಿಂತು, ಎರಡು ಬೆರಳುಗಳನ್ನು ಪಿಸ್ತೂಲಿನಂತೆ ಹಿಡಿದು ಚಿತ್ರ ತೆಗೆಸಿಕೊಂಡು ಹೊರಡುತ್ತಾರೆ. ಬುಡ ಸವೆಯುತ್ತಿರುವುದರಿಂದ ೧೯೯೮ರಿಂದ ದೋಣಿಗಳು ಮೊಳೆಯ ಹತ್ತಿರ ಹೋಗುವುದನ್ನು ನಿಷೇಧಿಸಿದ್ದಾರೆ.

“ಹೆಸರಿನಲ್ಲೇನಿದೆ, ಬಿಡಿ ಮೇಷ್ಟ್ರೆ” ಎಂದು ಹೇಳುವವರಿದ್ದಾರೆ. ಹಾಗೆ ಹೇಳುವ ಹಕ್ಕು ಇನ್ನಾರಿಗಿದ್ದರೂ ನಮಗಿಲ್ಲ. ‘ಬ್ಯಾಂಗಲೋರ್’ ಬೆಂಗಳೂರಾಗಬೇಕೆಂದು, ‘ಮೈಸೋರ್’ ಮೈಸೂರಾಗಬೇಕೆಂದು ನಾವು ವರ್ಷಾನುಗಟ್ಟಲೆ ವಾದಿಸಿ, ೨೦೧೪ರ ನವೆಂಬರ್ ೧ರಂದು ಹನ್ನೆರಡು ಊರುಗಳ ಹೆಸರನ್ನು ಸರಕಾರದ ಕಾಗದದ ಮೇಲೆ ಸರಿಪಡಿಸಿಕೊಂಡವರು. ನಮ್ಮ ಊರಿನ ಹೆಸರಿನ ಒಂದು ಸ್ವರ ಕೆಟ್ಟರೆ ನೋಯುವ ನಾವು, ಪರರ ದ್ವೀಪದ ಹೆಸರನ್ನು ಇಡಿಯಾಗಿ ನುಂಗಿ ನೀರು ಕುಡಿಯುತ್ತೇವೆ.

ಹೆಸರು ಹೋದರೆ ಹೋಗುವುದು ಹೆಸರೊಂದೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದೇ ಕಡಲಿನಲ್ಲಿ ಇನ್ನೂ ದಕ್ಷಿಣಕ್ಕೆ ಪೀಪೀ ಲೇ ಎಂಬ ಸುಣ್ಣಕಲ್ಲಿನ ದ್ವೀಪದಲ್ಲಿ ಮಾಯಾ ಎಂಬ ಚಿಕ್ಕ ಕೊಲ್ಲಿಯಿದೆ. ೧೯೯೯ರಲ್ಲಿ ಅಲ್ಲಿ ಇನ್ನೊಂದು ಚಲನಚಿತ್ರದ ತಂಡ ಇಳಿಯಿತು. ದಡ ತಮ್ಮ ಮನಸ್ಸಿನ ಸ್ವರ್ಗದಂತಿಲ್ಲವೆಂದು ಮರಳಿನ ದಿಬ್ಬಗಳನ್ನು ಕೆದಕಿ, ಅಲ್ಲಿದ್ದ ಗಿಡಗಳನ್ನು ಕಿತ್ತು ತೆಂಗಿನ ಮರಗಳನ್ನು ನೆಟ್ಟರು. ಅದರ ವ್ಯಾಜ್ಯ ನ್ಯಾಯಾಲಯಗಳಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಡೆಯಿತು. ೨೦೦೦ದಲ್ಲಿ ಚಿತ್ರ ತೆರೆಗೆ ಬಂದಮೇಲೆ ಜನ ಆ ಸ್ವರ್ಗವನ್ನು ಹುಡುಕಿಕೊಂಡು ಬಂದರು; ಕೊನೆಕೊನೆಗೆ ದಿನಕ್ಕೆ ಐದು ಸಾವಿರದವರೆಗೆ. ದೋಣಿಗಳ ಲಂಗರು ಹವಳವನ್ನು ಪುಡಿ ಮಾಡಿತು. ೨೦೧೮ರ ಜೂನಿನಲ್ಲಿ ಥೈಲೆಂಡಿನವರು ಕೊಲ್ಲಿಯನ್ನು ಮುಚ್ಚಿದರು. ನಾಲ್ಕು ತಿಂಗಳಿಗೆಂದು ಹೇಳಿದ್ದು ಮೂರೂವರೆ ವರ್ಷವಾಯಿತು. ಹವಳವನ್ನು ಕೈಯಾರೆ ನೆಟ್ಟರು. ಕಪ್ಪು ತುದಿಯ ರೆಕ್ಕೆಯ ಸಣ್ಣ ಶಾರ್ಕ್ ಮೀನುಗಳು ದಡದ ಹತ್ತಿರಕ್ಕೆ ತಾವಾಗಿ ಮರಳಿದುವು. ೨೦೨೨ರ ಜನವರಿಯಲ್ಲಿ ಬಾಗಿಲು ತೆರೆದಾಗ ಹಳೆಯ ಪದ್ಧತಿ ತೆರೆಯಲಿಲ್ಲ: ದೋಣಿ ದ್ವೀಪದ ಹಿಂಬದಿಗೆ ನಿಲ್ಲಬೇಕು, ಎಣಿಸಿದಷ್ಟೇ ಜನ ಒಳಹೋಗಬೇಕು, ಮಳೆಗಾಲದಲ್ಲಿ ವರ್ಷವರ್ಷವೂ ಕೊಲ್ಲಿಗೆ ರಜೆ.

ಈ ಸುದ್ದಿ ಕೇಳಿ ನಮ್ಮವರಲ್ಲಿ ಕೆಲವರು ಗೊಣಗಿದರು. ದುಡ್ಡು ಕೊಟ್ಟು ಅಷ್ಟು ದೂರ ಹೋದವನಿಗೆ ನೀರಿಗೆ ಇಳಿಯಬೇಡ ಎಂದರೆ ಹೇಗೆ ಎಂದು ಅವರ ವಾದ. ದುಡ್ಡು ಕೊಟ್ಟದ್ದು ದೋಣಿಗೆ ಮತ್ತು ಊಟಕ್ಕೆ. ಇಪ್ಪತ್ತೈದು ಕೋಟಿ ವರ್ಷಗಳ ಕಲ್ಲಿನ ಬೆಲೆಯನ್ನು ಯಾರೂ ಕೇಳಲಿಲ್ಲ, ನಾವು ಕೊಡಲೂ ಇಲ್ಲ. ದೇವಸ್ಥಾನದಲ್ಲಿ ಮಧ್ಯಾಹ್ನ ಬಾಗಿಲು ಹಾಕಿದರೆ ನಾವು ಜಗಲಿಯಲ್ಲಿ ಕಾಯುತ್ತೇವೆ. ದೇವರಿಗೂ ವಿಶ್ರಾಂತಿ ಬೇಕೆಂದು ಒಪ್ಪುವ ಜನ, ಹವಳಕ್ಕೆ ಬೇಡವೆನ್ನುವುದು ಯಾವ ನ್ಯಾಯ?

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ತೂಕದ್ದು. “ನೀವು ಹೋಗಿ ನೋಡಿ ಬಂದಿರಿ, ಈಗ ಉಳಿದವರಿಗೆ ಉಪದೇಶ. ಪ್ರವಾಸಿ ಬಾರದಿದ್ದರೆ ಆ ಅಂಬಿಗ ಏನು ತಿನ್ನಬೇಕು?” ಇದನ್ನು ನಾನು ತಳ್ಳಿಹಾಕಲಾರೆ. ನಾವು ಮಧ್ಯಾಹ್ನ ಊಟ ಮಾಡಿದ್ದು ಕೋ ಪನ್ಯಿ ಎಂಬ ಊರಿನಲ್ಲಿ. ಹದಿನೆಂಟನೆಯ ಶತಮಾನದ ಕೊನೆಗೆ ದಕ್ಷಿಣದಿಂದ ಬಂದ ಮುಸಲ್ಮಾನ ಬೆಸ್ತರು ಬಂಡೆಯ ನೆರಳಿನಲ್ಲಿ, ನೀರಿನೊಳಗೆ ಕಂಬ ನೆಟ್ಟು ಕಟ್ಟಿದ ಊರು. ಮಸೀದಿಯಿದೆ, ಶಾಲೆಯಿದೆ. ಆಟದ ಬಯಲಿಗೆ ನೆಲವಿಲ್ಲದ್ದರಿಂದ ೧೯೮೬ರಲ್ಲಿ ಅಲ್ಲಿಯ ಹುಡುಗರು ಹಳೆಯ ಹಲಗೆಗಳನ್ನು ಜೋಡಿಸಿ ತೇಲುವ ಕಾಲ್ಚೆಂಡಿನ ಅಂಗಳ ಮಾಡಿಕೊಂಡರು. ಇಂದು ಆ ಊರು ಮೀನಿನಷ್ಟೇ ಪ್ರವಾಸಿಯನ್ನೂ ನೆಚ್ಚಿಕೊಂಡಿದೆ. ಹೋಗಬೇಡಿ ಎಂದು ನಾನು ಹೇಳಿದರೆ ಅದು ಉಂಡ ಮನೆಗೆ ಮಾಡುವ ದ್ರೋಹ. ಆದರೆ ಆ ಊರಿನಲ್ಲಿ ನಾವು ಕಳೆದದ್ದು ಐವತ್ತು ನಿಮಿಷ. ಊಟದ ತಟ್ಟೆ, ಅಂಗಡಿಯ ಸಾಲು, ಮತ್ತೆ ದೋಣಿಯ ಸಿಳ್ಳು. ಇನ್ನೂ ನಾಲ್ಕು ದ್ವೀಪ ಬಾಕಿಯಿತ್ತಲ್ಲ! ಆರು ಕಡೆ ಐವತ್ತೈವತ್ತು ನಿಮಿಷ ಉರಿಸುವ ಎಣ್ಣೆಯ ದುಡ್ಡಿನಲ್ಲಿ ಒಂದು ರಾತ್ರಿ ಅಲ್ಲಿ ತಂಗಿದರೆ, ಊರಿಗೆ ಹೆಚ್ಚು ಕಾಸು, ನಮಗೆ ಹೆಚ್ಚು ತಿಳಿವು, ಕೊಲ್ಲಿಗೆ ಕಡಮೆ ಹೊಗೆ. ಗಣಿತದ ಮಿತ್ರರು ಈ ಲೆಕ್ಕವನ್ನು ತಾಳೆ ನೋಡಲಿ.

ದಕ್ಷಿಣ ಭಾರತದವರು ಆ ತೀರಕ್ಕೆ ಹೋದದ್ದು ಇದೇ ಮೊದಲಲ್ಲ. ಫಾಂಗ್ ಙಾ ಪ್ರಾಂತ್ಯದ ಪಡುವಣ ಕರಾವಳಿಯಲ್ಲಿ ತಕುವಾ ಪಾ ಎಂಬ ಊರಿದೆ. ಅಲ್ಲಿ ಒಂಬತ್ತನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ ತಮಿಳು ಶಾಸನವೊಂದು ದೊರೆತಿದೆ. ಅದರಲ್ಲಿರುವುದು ಒಂದು ಕೆರೆಯ ಮಾತು: ಕೆರೆಯನ್ನು ತೋಡಿಸಿ, ಮಣಿಗ್ರಾಮವೆಂಬ ವರ್ತಕ ಸಂಘವೇ ಮೊದಲಾದವರ ರಕ್ಷಣೆಗೆ ಒಪ್ಪಿಸಿದ ಸಂಗತಿ. ನಮ್ಮ ಐಹೊಳೆಯ ಐನೂರ್ವರಂತೆ ಇವರೂ ಲಾಭಕ್ಕೆಂದು ಹೊರಟ ವ್ಯಾಪಾರಿಗಳೇ, ಸಂತರೇನಲ್ಲ. ಆದರೂ ಪರದೇಶದಲ್ಲಿ ಕೆಲವು ದಿನ ನಿಂತವನಿಗೆ ಅಲ್ಲಿಯ ನೀರಿನ ಹೊಣೆ ತನಗೂ ಇದೆಯೆಂದು ಅವರಿಗೆ ತೋರಿತು. ಸಾವಿರ ವರ್ಷಗಳ ಮೇಲೆ ಅದೇ ಪ್ರಾಂತ್ಯಕ್ಕೆ ನಮ್ಮ ಗುರುತಾಗಿ ನಾವು ಏನನ್ನು ಬಿಟ್ಟು ಬರುತ್ತಿದ್ದೇವೆ? ನನ್ನ ಮಟ್ಟಿಗೆ ಹೇಳುವುದಾದರೆ, ಒಂದು ‘ಕೂ’.

ಆದುದರಿಂದ ಮಿತ್ರರಿಗೆ ನನ್ನ ಉತ್ತರ ಇಷ್ಟು. ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದುಕೊಳ್ಳಿ. ಆರು ದ್ವೀಪಗಳಲ್ಲಿ ನಾಲ್ಕನ್ನು ಹೊಡೆದುಹಾಕಿ. ಉಳಿದ ಎರಡಕ್ಕೆ ಅವುಗಳ ಹೆಸರನ್ನೇ ಬರೆಯಿರಿ: ಮೊಳೆಯ ದ್ವೀಪಕ್ಕೆ ಕೋ ತಪು ಎಂದು, ಬೆಸ್ತರ ಊರಿಗೆ ಕೋ ಪನ್ಯಿ ಎಂದು. ದೋಣಿಯವನೊಡನೆ ಗೊತ್ತುಮಾಡುವಾಗ ಎಷ್ಟು ಜಾಗ ತೋರಿಸುವೆ ಎಂದು ಕೇಳುವ ಬದಲು ಅಂದಿನ ಉಬ್ಬರ ಎಷ್ಟು ಗಂಟೆಗೆ ಎಂದು ಕೇಳಿ. ನಮ್ಮ ಗಡಿಯಾರವನ್ನು ಅದಕ್ಕೆ ಹೊಂದಿಸಿಕೊಳ್ಳೋಣ. ಯಾವುದಾದರೂ ಕೊಲ್ಲಿಯ ಬಾಗಿಲು ಹಾಕಿದ್ದರೆ ಗೊಣಗದೆ ಹಿಂದಿರುಗೋಣ. ದಾರಿಯಲ್ಲಿ ಒಂದು ಕೋಣೆಯೊಳಗೆ ಹೋಗಲು ನೀರು ಬಿಟ್ಟರೆ, ಅಂಬಿಗ ತುಟಿಯ ಮೇಲೆ ಬೆರಳಿಡುವ ಮುಂಚೆಯೇ ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಅವನು ಅದೇ ಹುಡುಗನಾಗಿದ್ದರೆ ನನ್ನ ಗುರುತು ಅವನಿಗೆ ಸಿಗದಿರಲಿ.