ಬರೆಯೋಣ, ಸಹಿಸಲಿಕ್ಕಲ್ಲ

ಕುಕ್ಕುವಾಡದ ಅಕ್ಕತಂಗಿಯರೇ,

ನೊಂದ ಹೆಣ್ಣಿಗೆ ಈಗೊಂದು ಉಪದೇಶ ಸಿದ್ಧವಾಗಿದೆ: "ಕವಿತೆ ಬರಿ, ದಿನಚರಿ ಬರಿ, ಮನಸ್ಸು ಹಗುರಾಗುತ್ತದೆ." ಹಗುರಾಗುವುದು ನಿಜ. ವರ್ಷಗಟ್ಟಲೆ ಕಾಲೇಜಿನಲ್ಲಿ ಪಾಠ ಹೇಳಿದ ನಾನು ಅದನ್ನು ಅಲ್ಲಗಳೆಯುವುದಿಲ್ಲ. ನಮ್ಮ ಅಜ್ಜಿಯರೂ ಬೀಸುವ ಕಲ್ಲಿನ ಮುಂದೆ ಹಾಡಿ ಹಗುರಾದವರೇ. ಆದರೆ ಹಾಡು ಮುಗಿದ ಮೇಲೆ? ಅದೇ ಮನೆ, ಅದೇ ಏಟು, ತವರಿನಿಂದ ಹಣ ತಾ ಎಂಬ ಅದೇ ಮಾತು. ಮತ್ತೆ ಹೊರೆ ಹೊರಲಿಕ್ಕಷ್ಟೇ ಹಗುರಾಗುವುದಾದರೆ ಆ ಕವಿತೆ ನೋವಿನ ಮಾತ್ರೆ, ಗಾಯಕ್ಕೆ ಮದ್ದಲ್ಲ.

ನಂಜನಗೂಡು ತಿರುಮಲಾಂಬ 14ನೇ ವಯಸ್ಸಿಗೇ ವಿಧವೆಯಾದರು. ಬರೆದದ್ದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಲಿಲ್ಲ. 1913ರಲ್ಲಿ 'ಸತಿಹಿತೈಷಿಣಿ' ಗ್ರಂಥಮಾಲೆ ಆರಂಭಿಸಿ ಓದುಗರ ಕೈಗಿಟ್ಟರು.

ಸಂಘದ ಪುಸ್ತಕದಲ್ಲಿ ಹತ್ತು ರೂಪಾಯಿ ಉಳಿತಾಯಕ್ಕೂ ತಾರೀಖು ಹಾಕುತ್ತೇವೆ. ಮೈಮೇಲೆ ಬಿದ್ದ ಏಟಿಗೆ ಲೆಕ್ಕ ಬೇಡವೇ? ಕವಿತೆ ಬರೆಯಿರಿ, ಅದರ ಕೆಳಗೆ ತಾರೀಖು ಹಾಕಿ, ಏನಾಯಿತು, ಯಾರು ನೋಡಿದರು, ಎಷ್ಟು ಹಣ ಕೇಳಿದರು ಎಂದೂ ಬರೆಯಿರಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಮುಂದೆ ಕೂತ ದಿನ ಮಾತು ತಡವರಿಸದಂತೆ ಆ ಪುಟ ಕೈಹಿಡಿಯುತ್ತದೆ. ಮನೆಯಲ್ಲಿಡುವುದು ಅಪಾಯವಾದರೆ ನಂಬಿಕೆಯ ಗೆಳತಿಯ ಬಳಿ ಇಡಿ. ಅಕ್ಷರ ಬಾರದವಳಿಗೆ ಬಲ್ಲವಳು ಬರೆದುಕೊಡಲಿ.

ಏಟು ಬೀಳುವಾಗ ಪೆನ್ನು ಹುಡುಕಬೇಡಿ. 181ಕ್ಕೆ ಫೋನ್ ಮಾಡಿ. ಅಳು ನಿಂತ ಮೇಲೆ ಬರೆಯಿರಿ. ಧೈರ್ಯ ಬಂದ ದಿನ ಸಂಘದಲ್ಲಿ ಗಟ್ಟಿಯಾಗಿ ಓದಿ. ಒಬ್ಬಳ ನೋವು ಹತ್ತು ಜನರ ಸಿಟ್ಟಾದಾಗಲೇ ಗಾಯ ಮಾಯುವುದು.