ಕತ್ತಿ ಹಿಡಿದವರ ನಗೆ

ಡ್ಯೂಮಾನ ‘ತ್ರೀ ಮಸ್ಕೆಟಿಯರ್ಸ್’ 1844ರಲ್ಲಿ ಧಾರಾವಾಹಿಯಾಗಿ ಬಂದ ಸಾಹಸ ಕಾದಂಬರಿ. ಹಳ್ಳಿಯಿಂದ ಪ್ಯಾರಿಸ್ಸಿಗೆ ಬಂದ ದಾರ್ತಾನ್ಯಾ ಅವಸರದಲ್ಲಿ ಓಡುತ್ತ ಒಬ್ಬನ ಗಾಯದ ಭುಜಕ್ಕೆ ಹಾಯುತ್ತಾನೆ. ಇನ್ನೊಬ್ಬನ ಜರಿಪಟ್ಟಿಗೆ ಮುಂದೆ ಮಾತ್ರ ಜರಿಯಿದೆ ಎಂಬ ಗುಟ್ಟನ್ನು ಕಂಡುಬಿಡುತ್ತಾನೆ. ಮೂರನೆಯವನ ಕಾಲಡಿಯ ಕರವಸ್ತ್ರ ಎತ್ತಿಕೊಟ್ಟು ಅವನನ್ನು ಪೇಚಿಗೆ ಸಿಕ್ಕಿಸುತ್ತಾನೆ. ಹನ್ನೆರಡಕ್ಕೊಂದು, ಒಂದಕ್ಕೊಂದು, ಎರಡಕ್ಕೊಂದು ಕಾಳಗ ಗೊತ್ತಾಗುತ್ತದೆ! 1973ರಲ್ಲಿ ರಿಚರ್ಡ್ ಲೆಸ್ಟರ್ ಬೆಳೆಸಿದ್ದು ಈ ನಗೆಯನ್ನೇ. ಅವನ ಚಿತ್ರದ ವೀರರು ಕಾಸಿಲ್ಲದಾಗ ಖಾನಾವಳಿಯಲ್ಲಿ ಸುಳ್ಳೇ ಜಗಳ ತೆಗೆದು, ಕತ್ತಿ ಬೀಸುತ್ತಲೇ ಊಟ ಹಾರಿಸುತ್ತಾರೆ.

ಬಾಗಲಕೋಟೆಯಿಂದ ಲೋಕಾಪುರದ ದಾರಿ ಹಿಡಿದರೆ ಸಿಗುವ ತುಳಸಿಗೇರಿಗೆ ಸಾಹಸದ ನಡುವಿನ ಈ ನಗೆ ಹೊಸತಲ್ಲ. ಅದು ಹನುಮಪ್ಪನ ಊರು. ಕಡಲು ದಾಟಿ, ಲಂಕೆ ಸುಟ್ಟು ಬಂದ ಹನುಮಂತನನ್ನು ವಾಲ್ಮೀಕಿ ನೇರವಾಗಿ ರಾಮನ ಮುಂದೆ ನಿಲ್ಲಿಸುವುದಿಲ್ಲ. ನಡುವೆ ಮಧುವನ ಬರುತ್ತದೆ. ಕಪಿಗಳು ಜೇನು ಕುಡಿದು ಮತ್ತೇರಿ ಹಾಡುತ್ತವೆ, ಬೀಳುತ್ತವೆ, ತೋಟ ಕಾಯುವ ದಧಿಮುಖನನ್ನು ಹಿಡಿದು ಬಡಿಯುತ್ತವೆ. ಅವನು ಸುಗ್ರೀವನ ಸೋದರಮಾವ ಬೇರೆ. ದೂರು ಕೇಳಿದ ಸುಗ್ರೀವ ಸಿಟ್ಟಾಗುವ ಬದಲು ಹಿಗ್ಗುತ್ತಾನೆ; ಹೋದ ಕೆಲಸ ಕೈಗೂಡದಿದ್ದರೆ ಇವಕ್ಕೆ ಇಷ್ಟು ಧೈರ್ಯ ಬರುತ್ತಿರಲಿಲ್ಲ. ಸೀತೆ ಸಿಕ್ಕ ಸುಳಿವು ಮೊದಲು ಮುಟ್ಟುವುದು ಈ ದಾಂಧಲೆಯಿಂದ. ಎಂಥ ಚಿತ್ರಕಥೆ!

ನಮ್ಮ ಕಡೆಯ ದೊಡ್ಡಾಟದಲ್ಲೂ ಹಾಗೆಯೇ. ಕಿರೀಟ, ಭುಜಕೀರ್ತಿ ತೊಟ್ಟು ಅಟ್ಟ ನಡುಗುವಂತೆ ಕುಣಿದು ಬಂದ ರಾಜನನ್ನು ಸಾರಥಿ ತಡೆದು, ನೀವ್ಯಾರು, ಯಾವೂರು ಎಂದು ಕೇಳುತ್ತಾನೆ. ಮಾತಿಗೆ ಮಾತು ಹಚ್ಚಿ ನಗಿಸುತ್ತಾನೆ. ನಕ್ಕ ಮಂದಿಯೇ ಮರುಗಳಿಗೆ ಯುದ್ಧದ ಪದಕ್ಕೆ ಸಿಳ್ಳೆ ಹೊಡೆಯುತ್ತಾರೆ. ರಾಜನ ಗತ್ತೇನೂ ಕಡಿಮೆಯಾಗಿರುವುದಿಲ್ಲ. ಬಾಗಲಕೋಟೆಯಲ್ಲಿ ವಕೀಲರಾಗಿದ್ದ ಕೆರೂರು ವಾಸುದೇವಾಚಾರ್ಯರು ಗೋಲ್ಡ್‌ಸ್ಮಿತ್‌ನ ಹಾಸ್ಯನಾಟಕವನ್ನು ‘ಪತಿ ವಶೀಕರಣ’ ಮಾಡಿ ಬರೆದದ್ದೂ ಇಂಥ ನೆಲದಲ್ಲಿ.

ನಮ್ಮ ಸಿನಿಮಾ ಮಾತ್ರ ಈ ಸಾರಥಿಯನ್ನು ಕೈಬಿಟ್ಟಿತೆಂದು ನನಗೆ ಕೊರಗಿದೆ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯಿಂದ 1975ರಲ್ಲಿ ಬಂದ ‘ಮಯೂರ’ ನನಗೆ ಬಹಳ ಪ್ರೀತಿಯ ಚಿತ್ರ. ವಿಜಯ್ ನಿರ್ದೇಶನ, ರಾಜ್‌ಕುಮಾರ್ ಅವರ ನಿಲುವು, ನುಡಿ ಎಲ್ಲದರಲ್ಲೂ ರಾಜಗಾಂಭೀರ್ಯ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಎರಡೇ ವರ್ಷವಾಗಿದ್ದಾಗ ಕನ್ನಡಿಗರ ಮೊದಲ ದೊರೆಯನ್ನು ಹಾಗೆ ತೋರಿಸಿದ್ದು ಸರಿಯಾಗಿಯೇ ಇತ್ತು.

ಆದರೆ ತಾಳಗುಂದದ ಶಾಸನ ಹೇಳುವ ಮಯೂರನ ಮೂಲಕತೆ ದಾರ್ತಾನ್ಯಾನ ಕತೆಗೆ ಎಷ್ಟು ಹತ್ತಿರ! ಕಂಚಿಯ ಘಟಿಕೆಗೆ ಓದಲು ಹೋದ ತರುಣನಿಗೆ ಪಲ್ಲವರ ಕುದುರೆ ಸವಾರನೊಡನೆ ಜಗಳ ಹತ್ತುತ್ತದೆ. ದರ್ಭೆ ಹಿಡಿಯುತ್ತಿದ್ದ ಕೈ ಕತ್ತಿ ಹಿಡಿಯುತ್ತದೆ. ಗಡಿ ಕಾಯುವವರನ್ನು ಸೋಲಿಸಿ, ಶ್ರೀಪರ್ವತದ ಕಾಡು ಹೊಕ್ಕು, ಬಾಣರಿಂದ ಕಪ್ಪ ವಸೂಲು ಮಾಡುತ್ತಾನೆ. ಕೊನೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಬೇಕಾಗುತ್ತದೆ. ಸವಾರನೊಡನೆ ಜಗಳ ಯಾಕೆ ಹತ್ತಿತೆಂದು ಶಾಸನದಲ್ಲಿಲ್ಲ. ‘ಮಯೂರ’ವನ್ನು ಯಾರಾದರೂ ಮತ್ತೆ ತೆಗೆಯುವುದಾದರೆ, ಆ ಒಂದು ದೃಶ್ಯವನ್ನು ಬರೆಯಲು ನಮ್ಮ ದೊಡ್ಡಾಟದ ಸಾರಥಿಯೊಬ್ಬನನ್ನು ಕರೆಸಿ ಕೂರಿಸಲಿ.