ಲೋಕಜ್ಞಾನ: ಪಹಣಿಯು ಗಣಕಯಂತ್ರವನ್ನೇರಿದ ಬಗೆ

ಏಲೂರು, ಕಳಮಶ್ಶೇರಿ, ಎರ್ನಾಕುಳಂಗಳಲ್ಲಿಯೂ ಅತ್ತ ತಿರುವನಂತಪುರದಲ್ಲಿಯೂ ನೆಲೆಸಿರುವ ನಮ್ಮ ಕನ್ನಡ ಸಂಸಾರಗಳಲ್ಲಿ ಅನೇಕರಿಗೆ ಊರ ಕಡೆ ತುಂಡು ಭೂಮಿಯಾದರೂ ಇರುತ್ತದೆ. ಅರ್ಧ ಎಕರೆ ಗದ್ದೆಯೋ, ಹತ್ತು ಗುಂಟೆ ತೋಟವೋ, ಅಣ್ಣತಮ್ಮಂದಿರೊಡನೆ ಕೂಡಿದ ಹಿತ್ತಲೋ, ಏನಾದರೊಂದು. ಹೊಟ್ಟೆಪಾಡಿಗಾಗಿ ಪೆರಿಯಾರ್ ನದಿಯ ದಂಡೆಗೆ ಬಂದವರಿಗೂ ಆ ಮಣ್ಣಿಗೂ ಉಳಿದಿರುವ ನಂಟೆಲ್ಲ ಒಂದು ಹಾಳೆಯಲ್ಲಿದೆ. ಆ ಹಾಳೆಯೇ ಪಹಣಿ. ಅದರಲ್ಲಿ ಹೆಸರಿದ್ದರೆ ಒಡೆತನವನ್ನು ತೋರಿಸಲು ಆಧಾರವುಂಟು. ಇಲ್ಲದಿದ್ದರೆ ಸಾಲ ಕೇಳುವಾಗ, ಪಾಲು ಮಾಡುವಾಗ, ಮಾರುವಾಗ ಹೆಜ್ಜೆಹೆಜ್ಜೆಗೂ ತೊಡಕು. ಕೈಬರಹದ ಪುಸ್ತಕದಲ್ಲಿದ್ದ ಈ ಹಾಳೆ ಗಣಕಯಂತ್ರದೊಳಕ್ಕೆ ಸೇರಿದ್ದು ಹೇಗೆ ಎಂಬುದನ್ನು ಈ ಸಲ ವಿಚಾರಿಸೋಣ.

ಒಂದು ಕಚೇರಿಯ ಮಾಹಿತಿಯನ್ನೆಲ್ಲ ಯಂತ್ರಕ್ಕೆ ಒಪ್ಪಿಸುವುದೆಂದರೆ ಯಂತ್ರವನ್ನು ಕೊಂಡು ತಂದು ಮೇಜಿನ ಮೇಲೆ ಇಡುವುದು ಎಂದು ಹಲವರು ತಿಳಿದಿದ್ದಾರೆ. ಬಲ್ಲವರು ಆ ಕೆಲಸವನ್ನು ಆರು ಹಂತಗಳಾಗಿ ವಿಂಗಡಿಸುತ್ತಾರೆ. ತೊಂದರೆ ಏನೆಂದು ಗೊತ್ತುಮಾಡುವುದು ಮೊದಲನೆಯದು. ಈಗಿರುವ ಪದ್ಧತಿ ನಿಜವಾಗಿ ಹೇಗೆ ನಡೆಯುತ್ತಿದೆ ಎಂದು ಶೋಧಿಸುವುದು ಎರಡನೆಯದು. ಹೊಸ ಪದ್ಧತಿಯ ವಿನ್ಯಾಸ ಮೂರನೆಯದು. ಅದನ್ನು ರಚಿಸಿ ಹಳೆಯ ಲೆಕ್ಕವನ್ನು ತುಂಬಿ ತಾಳೆ ನೋಡುವುದು ನಾಲ್ಕನೆಯದು. ಅದನ್ನು ಬಳಕೆಗೆ ತರುವುದು ಐದನೆಯದು, ಪೋಷಿಸಿಕೊಂಡು ಹೋಗುವುದು ಆರನೆಯದು. ಈ ಆರರಲ್ಲಿ ಯಂತ್ರದ ಮಾತು ಬರುವುದು ಅರ್ಧದಾರಿ ಸಾಗಿದ ಮೇಲೆ ಎಂಬುದನ್ನು ವಾಚಕರು ಗಮನಿಸಬೇಕು. ಈ ಕ್ರಮ ತಪ್ಪಿದರೆ ಏನಾಗುತ್ತದೆ, ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ ಪಹಣಿಯ ಕಥೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮೊದಲು ತೊಂದರೆ ಏನಿತ್ತೆಂದು ನೋಡೋಣ. 1961ರ ಶಾಸನದಿಂದ ವಂಶಪಾರಂಪರ್ಯದ ಶ್ಯಾನುಭೋಗಿಕೆ ರದ್ದಾದ ಮೇಲೆ ಊರ ಲೆಕ್ಕ ಸರಕಾರದ ಸಂಬಳ ಪಡೆಯುವ ಗ್ರಾಮ ಲೆಕ್ಕಿಗರ ಕೈಗೆ ಬಂದಿತು. ರಾಜ್ಯದಲ್ಲಿ ಇಂಥ ಲೆಕ್ಕಿಗರು ಸುಮಾರು 9,000 ಮಂದಿ. ಒಬ್ಬೊಬ್ಬರ ಪಾಲಿಗೆ ಮೂರು ನಾಲ್ಕು ಊರುಗಳು. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ದಾಖಲೆಗಳು ಇವರ ಪುಸ್ತಕಗಳಲ್ಲಿದ್ದವು. ಯಾರ ಹೆಸರು, ಎಷ್ಟು ವಿಸ್ತೀರ್ಣ, ಎಂಥ ಮಣ್ಣು, ಯಾವ ಬೆಳೆ, ಯಾರ ಸಾಲ ಎಲ್ಲವೂ ಅಲ್ಲಿಯೇ. ರೈತನಿಗೆ ಪ್ರತಿ ಬೇಕಾದರೆ ಮೊದಲು ಲೆಕ್ಕಿಗರನ್ನು ಹುಡುಕಬೇಕು. ಅವರು ಸಿಕ್ಕರೂ ಕೈ ಬೆಚ್ಚಗೆ ಮಾಡದೆ ಕಾಗದ ಸಿಗದೆಂಬ ದೂರು ಸಾಮಾನ್ಯವಾಗಿತ್ತು. ಪುಸ್ತಕವನ್ನು ಬೇರೆ ಯಾರೂ ಸುಲಭವಾಗಿ ನೋಡುವಂತಿಲ್ಲದ್ದರಿಂದ, ಒಂದು ಗೆರೆ ತಿದ್ದಿದರೂ ಬಡವನಿಗೆ ತಿಳಿಯುತ್ತಿರಲಿಲ್ಲ.

ಪರಿಹಾರದ ಪ್ರಯತ್ನ ಬೇಗನೆ ಆರಂಭವಾಯಿತು. ಕೇಂದ್ರ ಸರಕಾರದ ನೆರವಿನಿಂದ 1991ರಲ್ಲಿ ಗುಲ್ಬರ್ಗಾ ಜಿಲ್ಲೆಯಲ್ಲಿ, ಎಂದರೆ ಈಗಿನ ಕಲಬುರಗಿಯಲ್ಲಿ, ಪ್ರಯೋಗ ನಡೆಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆಯಿತು. ಹಣವಿತ್ತು, ಯಂತ್ರವೂ ಇತ್ತು. ಆದರೂ ಫಲ ಕಾಣಲಿಲ್ಲ. ಕಾರಣ ಸರಳವಾದುದು. ಪಹಣಿಯಲ್ಲಿ ಬದಲಾವಣೆಗಳು ಆಗುವುದು ತಾಲ್ಲೂಕು ಮಟ್ಟದಲ್ಲಿ. ಆ ಯೋಜನೆಯಲ್ಲಿ ತಾಲ್ಲೂಕಿಗೆ ಯಂತ್ರ ಕೊಡುವ ಏರ್ಪಾಡೇ ಇರಲಿಲ್ಲ. ಜಿಲ್ಲಾ ಕೇಂದ್ರದಲ್ಲಿ ಹಾಳೆಗಳನ್ನು ಯಂತ್ರಕ್ಕೆ ತುಂಬಿ ಮುಗಿಸುವಷ್ಟರಲ್ಲಿ ತಾಲ್ಲೂಕಿನಲ್ಲಿ ಒಬ್ಬ ರೈತ ತೀರಿಕೊಂಡಿರುತ್ತಾನೆ, ಇನ್ನೊಬ್ಬ ಮಾರಿರುತ್ತಾನೆ, ಮತ್ತೊಬ್ಬ ಸಾಲ ತೀರಿಸಿರುತ್ತಾನೆ. ಯಂತ್ರದಲ್ಲಿ ಉಳಿಯುವುದು ಹಳಸಿದ ಲೆಕ್ಕ. ಬಾವಿ ಒಂದು ಕಡೆ, ರಾಟೆ ಒಂದು ಕಡೆ ಎಂಬಂತಾಯಿತು.

ಇಲ್ಲಿ ತಪ್ಪಿದ್ದು ಎರಡನೆಯ ಹಂತ. ಲೆಕ್ಕ ಎಲ್ಲಿ ಹುಟ್ಟುತ್ತದೆ, ಯಾರ ಕೈಯಲ್ಲಿ ಬದಲಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಯಂತ್ರವನ್ನಿಡುವ ಜಾಗವನ್ನು ಗೊತ್ತುಮಾಡಿದ್ದರು. ಈ ಪಾಠದ ಮೇಲೆಯೇ ‘ಭೂಮಿ’ ಯೋಜನೆ ಕಟ್ಟಲ್ಪಟ್ಟಿತು. ಅದರ ಮುಂದಾಳಾಗಿ ದುಡಿದವರು ರಾಜ್ಯದ ಐ.ಎ.ಎಸ್. ಅಧಿಕಾರಿ ಶ್ರೀ ರಾಜೀವ್ ಚಾವ್ಲಾ ಅವರು. ಯಂತ್ರಕ್ಕೆ ಬೇಕಾದ ತಂತ್ರಾಂಶವನ್ನು ಬರೆದವರು ರಾಷ್ಟ್ರೀಯ ಮಾಹಿತಿ ಕೇಂದ್ರದವರು. ಈ ಸಲ ಯಂತ್ರ ನೇರವಾಗಿ ತಾಲ್ಲೂಕು ಕಚೇರಿಗೇ ಹೋಯಿತು.

ವಿನ್ಯಾಸದಲ್ಲಿ ಮೆಚ್ಚಬೇಕಾದ ಅಂಶಗಳು ಹಲವು. ಪಹಣಿ ಕನ್ನಡದಲ್ಲಿಯೇ ಅಚ್ಚಾಗಿ ಬರುವಂತೆ ಮಾಡಿದರು. ಕಚೇರಿಯ ಗವಾಕ್ಷಿಯಲ್ಲಿ ರೈತನ ಕಡೆಗೆ ಮುಖಮಾಡಿದ ಇನ್ನೊಂದು ಪರದೆಯನ್ನಿಟ್ಟರು. ಒಳಗೆ ಕುಳಿತವನು ಏನು ಮಾಡುತ್ತಿದ್ದಾನೆಂದು ಹೊರಗೆ ನಿಂತವನಿಗೂ ಕಾಣಬೇಕು. ಯಂತ್ರವನ್ನು ಮುಟ್ಟುವ ನೌಕರನ ಬೆರಳಚ್ಚು ತಾಳೆಯಾದ ಹೊರತು ಅದು ತೆರೆಯದು. ಹಾಗಾಗಿ ಯಾವ ಬದಲಾವಣೆ ಯಾರ ಕೈಯಿಂದ ಆಯಿತೆಂಬುದು ಬಚ್ಚಿಡಲಾಗದ ಸಂಗತಿಯಾಯಿತು. ಖಾತೆ ಬದಲಾವಣೆಯ ಅರ್ಜಿಗಳಿಗೆ ಸರದಿಯ ನಿಯಮ ಬಂದಿತು: ಮೊದಲು ಬಂದದ್ದು ಮೊದಲು ತೀರಬೇಕು, ಹಿಂದಿನದನ್ನು ಮುಂದೆ ತಳ್ಳಲು ಯಂತ್ರ ಬಿಡದು. ಆಕ್ಷೇಪಣೆಗೆ ಆಗಿನ ನಿಯಮದಂತೆ 30 ದಿನಗಳ ಅವಧಿಯನ್ನೂ ಉಳಿಸಿಕೊಂಡರು. ಹೀಗೆ ಕಾಯಿದೆಯಲ್ಲಿ ಮೊದಲೇ ಇದ್ದ ನ್ಯಾಯವನ್ನು ಯಂತ್ರದ ನಡೆಯಲ್ಲಿ ಕೂಡಿಸಿದರು.

ನಾಲ್ಕನೆಯ ಹಂತ ಎಲ್ಲಕ್ಕಿಂತ ಬೇಸರದ್ದು, ಆದರೆ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಎರಡು ಕೋಟಿ ದಾಖಲೆಗಳನ್ನು ಒಂದೊಂದಾಗಿ ಬೆರಳಚ್ಚಿಸಬೇಕು. ಒಂದೇ ಊರಿನಲ್ಲಿ ನಾಲ್ವರು ರಾಮೇಗೌಡರು, ಐವರು ನಿಂಗಮ್ಮಂದಿರು. ತಂದೆಯ ಹೆಸರು ಒಂದಕ್ಷರ ತಪ್ಪಿದರೆ ಹೊಲ ಬೇರೆಯವನ ಪಾಲಾಗುತ್ತದೆ. ಆದಕಾರಣ ಅಚ್ಚಾದ ಹಾಳೆಗಳನ್ನು ಮತ್ತೆ ಗ್ರಾಮ ಲೆಕ್ಕಿಗರ ಮುಂದಿಟ್ಟು, ಮೂಲ ಪುಸ್ತಕದೊಡನೆ ತಾಳೆ ನೋಡಿಸಿ, ಅವರ ಒಪ್ಪಿಗೆ ಪಡೆದರು. ಯಾರ ಅಧಿಕಾರ ಈ ಯೋಜನೆಯಿಂದ ಕುಗ್ಗಲಿತ್ತೋ ಅವರ ಸಹಾಯವೇ ಇಲ್ಲಿ ಬೇಕಾಗಿತ್ತು. ಆದ್ದರಿಂದ ತಿಳಿಹೇಳುವುದೂ ತರಬೇತಿ ಕೊಡುವುದೂ ಬೆರಳಚ್ಚಿನಷ್ಟೇ ದೊಡ್ಡ ಕೆಲಸವಾಯಿತು.

ಬಳಕೆಗೆ ತರುವಾಗಲೂ ಅವಸರ ಪಡಲಿಲ್ಲ. ಕೆಲವೇ ತಾಲ್ಲೂಕುಗಳಲ್ಲಿ ನಡೆಸಿ ನೋಡಿ, ಕೊರತೆಗಳನ್ನು ತಿದ್ದಿ, ಆಮೇಲೆ ಹಂತಹಂತವಾಗಿ ವಿಸ್ತರಿಸಿದರು. 2002ರ ಹೊತ್ತಿಗೆ 177 ತಾಲ್ಲೂಕು ಕೇಂದ್ರಗಳಲ್ಲಿಯೂ ಪಹಣಿ ಯಂತ್ರದಿಂದ ದೊರೆಯತೊಡಗಿತು. ಪ್ರತಿಯೊಂದಕ್ಕೆ ಆಗ 15 ರೂಪಾಯಿ ಶುಲ್ಕ. ಇನ್ನೊಂದು ದಿಟ್ಟ ಹೆಜ್ಜೆಯನ್ನೂ ಇಟ್ಟರು: ಯಂತ್ರದ ಲೆಕ್ಕ ಸಿದ್ಧವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಇನ್ನು ಮಾನ್ಯತೆಯಿಲ್ಲವೆಂದು ಸಾರಿದರು. ಹಳೆಯ ದಾರಿಯನ್ನು ಮುಚ್ಚದಿದ್ದರೆ ಜನ ಹೊಸ ದಾರಿಗೆ ಬರುವುದಿಲ್ಲ. ಬಂದರೂ ಎರಡು ಲೆಕ್ಕಗಳು ಬೆಳೆದು ಯಾವುದು ನಿಜವೆಂಬ ಜಗಳ ಹುಟ್ಟುತ್ತದೆ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಸಂಸ್ಥೆಯು 2002ರಲ್ಲಿ ಪಹಣಿ ಪಡೆದವರನ್ನು ವಿಚಾರಿಸಿದಾಗ, ಲಂಚ ಕೊಡಬೇಕಾಯಿತು ಎಂದವರು ಹಳೆಯ ಪದ್ಧತಿಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟಿದ್ದರು. ಹೊಸ ಗವಾಕ್ಷಿಯಲ್ಲಿ ನೂರಕ್ಕೆ 3ರಷ್ಟು ಮಾತ್ರ.

ಹಾಗೆಂದು ಇಲ್ಲಿಗೆ ಎಲ್ಲವೂ ಸುಖಾಂತವಾಯಿತೆಂದು ತಿಳಿಯಬಾರದು. ಆರನೆಯ ಹಂತಕ್ಕೆ ಕೊನೆಯೆಂಬುದಿಲ್ಲ. ಲೆಕ್ಕವೆಲ್ಲ ತಾಲ್ಲೂಕಿನಲ್ಲಿ ಒಂದೆಡೆ ಸೇರಿದ್ದರಿಂದ ಹಳ್ಳಿಯ ಬಡವನಿಗಿಂತ ದೊಡ್ಡ ಕುಳಗಳಿಗೇ ಹೆಚ್ಚು ಅನುಕೂಲವಾಯಿತೆಂದು, ಬೆಂಗಳೂರಿನ ಸುತ್ತಣ ಭೂವ್ಯವಹಾರವನ್ನು ಅಭ್ಯಸಿಸಿದ ವಿದ್ವಾಂಸರು 2007ರಲ್ಲಿ ಆಕ್ಷೇಪಿಸಿದರು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಯಂತ್ರ ಗುಮಾಸ್ತನ ಕೈಯನ್ನು ಕಟ್ಟಬಲ್ಲುದೇ ಹೊರತು ಬಲವಂತನ ಬಲವನ್ನಲ್ಲ. ಕ್ರಯಪತ್ರದ ನೋಂದಣಿಗೆ ‘ಕಾವೇರಿ’, ಭೂಮಾಪನಕ್ಕೆ ‘ಮೋಜಿಣಿ’ ಎಂಬ ಬೇರೆ ವ್ಯವಸ್ಥೆಗಳು ಬಂದು, ಅವುಗಳನ್ನು ‘ಭೂಮಿ’ಯೊಡನೆ ಕೂಡಿಸುವ ಕೆಲಸವೂ ನಡೆಯಿತು. ಕ್ರಯಪತ್ರ ಒಂದು ಹೇಳಿ ಪಹಣಿ ಇನ್ನೊಂದು ಹೇಳಬಾರದೆಂಬುದೇ ಇದರ ಉದ್ದೇಶ.

ಎಲ್ಲಕ್ಕಿಂತ ದೊಡ್ಡ ಕೊರತೆ ಯಂತ್ರದ್ದಲ್ಲ, ಮನೆಯವರದ್ದು. ತೀರಿಕೊಂಡು ದಶಕಗಳಾದ ಅಜ್ಜನ ಹೆಸರು ಪುಸ್ತಕದಲ್ಲಿದ್ದರೆ ಯಂತ್ರವೂ ಅದನ್ನೇ ಅಚ್ಚುಕಟ್ಟಾಗಿ ಮುದ್ರಿಸಿ ಕೊಡುತ್ತದೆ. ಅಜ್ಜ ಇಲ್ಲವೆಂದು ಅದಕ್ಕೆ ಹೇಳಬೇಕಾದವರು ಮೊಮ್ಮಕ್ಕಳು. ಆ ಮೊಮ್ಮಕ್ಕಳು ಇಲ್ಲಿ ಕೊಚ್ಚಿಯಲ್ಲಿದ್ದಾರೆ.

ನಾವು ನೆಲೆಸಿರುವ ಕೇರಳದಲ್ಲಿಯೂ ಇದೇ ದಾರಿಯ ಪಯಣ ನಡೆದಿದೆ. ಸ್ಥಳೀಯ ಸಂಸ್ಥೆಗಳ ಲೆಕ್ಕಪತ್ರವನ್ನು ಗಣಕೀಕರಿಸಲು 1999ರಲ್ಲಿ ಹುಟ್ಟಿದ ಇನ್ಫರ್ಮೇಷನ್ ಕೇರಳ ಮಿಷನ್ ತಿರುವನಂತಪುರದಲ್ಲಿದೆ. ಅದು ರೂಪಿಸಿದ ‘ಕೆ-ಸ್ಮಾರ್ಟ್’ 2024ರ ಜನವರಿ 1ರಂದು 6 ನಗರ ನಿಗಮಗಳಲ್ಲಿಯೂ 87 ನಗರಸಭೆಗಳಲ್ಲಿಯೂ ಜಾರಿಗೆ ಬಂದಿತು. ಏಲೂರು ನಗರಸಭೆಯೂ ಅವುಗಳಲ್ಲೊಂದು. ಪಂಚಾಯತಿಗಳಿಗೆ ಅದು ಹಬ್ಬಿದ್ದು 2025ರಲ್ಲಿ. ಕಂದಾಯ, ನೋಂದಣಿ, ಭೂಮಾಪನ ಈ ಮೂರು ಇಲಾಖೆಗಳ ಲೆಕ್ಕವನ್ನು ಒಂದೆಡೆ ತರುವ ‘ಎಂಟೆ ಭೂಮಿ’ 2024ರ ಅಕ್ಟೋಬರಿನಲ್ಲಿ ಆರಂಭವಾದಾಗ, ಮೊದಲು ಜಾರಿಗೆ ಬಂದದ್ದು ನಮ್ಮ ಕಾಸರಗೋಡು ಜಿಲ್ಲೆಯ ಉಜಾರ್ ಉಳುವಾರ್ ಗ್ರಾಮದಲ್ಲಿ ಎಂಬುದು ಕನ್ನಡಿಗರಿಗೆ ಕುತೂಹಲದ ಸಂಗತಿ.

ಇಷ್ಟೆಲ್ಲ ತಿಳಿದು ನಮಗೇನು ಪ್ರಯೋಜನ ಎಂದು ಗೃಹಿಣಿಯರು ಕೇಳಬಹುದು. ಪ್ರಯೋಜನ ಇದೆ. ನಾಲ್ಕನೆಯ ಹಂತವಾದ ತಾಳೆ ನೋಡುವ ಕೆಲಸದಲ್ಲಿ ಸರಕಾರದ ಪಾಲಿನಷ್ಟೇ ನಮ್ಮ ಪಾಲೂ ಇದೆ. ಊರಿನ ಪಹಣಿಯನ್ನು ಈಗ ಮನೆಯಲ್ಲಿ ಕುಳಿತೇ ನೋಡಬಹುದು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರರ ಹೆಸರು, ಸಾಲದ ಅಂಕಣ ಇವನ್ನು ಒಮ್ಮೆ ಓದಿರಿ. ತೀರಿಕೊಂಡವರ ಹೆಸರಿದ್ದರೆ, ಮುಂದಿನ ಸಲ ಊರಿಗೆ ಹೋಗುವಾಗ ಮರಣದ ಪ್ರಮಾಣಪತ್ರವನ್ನೂ ವಂಶವೃಕ್ಷವನ್ನೂ ಜೊತೆಯಲ್ಲಿಟ್ಟುಕೊಂಡು ಪೌತಿ ಖಾತೆಗೆ ಅರ್ಜಿ ಕೊಡಿರಿ. ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಲ್ಲಿ ಬಿಡಬೇಡಿ. ಬಿಟ್ಟ ಹೆಸರು ನಾಳೆ ನ್ಯಾಯಾಲಯದಲ್ಲಿ ಮಾತಾಡುತ್ತದೆ. ಇಲ್ಲಿ ಮಗು ಹುಟ್ಟಿದಾಗ ಜನನದ ದಾಖಲೆಯಲ್ಲಿ ನಮ್ಮ ಕನ್ನಡದ ಹೆಸರು ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ಸರಿಯಾಗಿ ಮೂಡಿದೆಯೇ ಎಂದು ಅಕ್ಷರಕ್ಕಕ್ಷರ ಹೋಲಿಸಿರಿ. ಅಂದು ಐದು ನಿಮಿಷದಲ್ಲಿ ಮುಗಿಯುವ ತಿದ್ದುಪಡಿ ಶಾಲೆ, ರಹದಾರಿಗಳನ್ನು ದಾಟಿದ ಮೇಲೆ ವರ್ಷಗಟ್ಟಲೆ ಅಲೆಸುತ್ತದೆ.

ಸಂಘ ಸಂಸ್ಥೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಸದಸ್ಯರ ಪಟ್ಟಿ, ಚಂದಾ ಲೆಕ್ಕ, ಪುಸ್ತಕ ಭಂಡಾರದ ದಾಖಲೆ ಇವುಗಳನ್ನು ಗಣಕಯಂತ್ರಕ್ಕೆ ಸೇರಿಸುವ ಉತ್ಸಾಹ ಎಲ್ಲೆಡೆ ಕಾಣುತ್ತಿದೆ, ಒಳ್ಳೆಯದೇ. ಆದರೆ ಯಾವ ಯಂತ್ರ ಕೊಳ್ಳೋಣ ಎಂಬುದಕ್ಕೆ ಮೊದಲು, ಈ ಲೆಕ್ಕವನ್ನು ಇಂದು ಯಾರು ಬರೆಯುತ್ತಾರೆ, ಎಲ್ಲಿ ಬರೆಯುತ್ತಾರೆ, ಬದಲಾದಾಗ ಯಾರು ತಿದ್ದುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಉತ್ತರ ಸಿಕ್ಕ ಮೇಲೆ ಯಂತ್ರವನ್ನು ಎಲ್ಲಿ ಇಡಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.